ಅವನು ಹಾಕಿದ ಗಂಟು

ಬಿಸಾಡಿದ ಮೀನುಬಲೆಗಳನ್ನು ತೊಳೆದು, ಚೌಕಟ್ಟಿಗೆ ಬಿಗಿದು, ಹೊಸ ಶಾಲೆಯ ಗೋಡೆಗೆ ನೆರಳಾಗಿ ಕಟ್ಟಿ ಬಳ್ಳಿ ಹಬ್ಬಿಸುತ್ತಾರೆ ಎಂದಾಗ, ದೋಣಿಯವರ ಬಲೆ ರಿಪೇರಿ ಮಾಡಿಯೇ ಹೆಸರಾದ ಬಲೆಯಕ್ಕ ನಕ್ಕುಬಿಟ್ಟಿದ್ದಳು. “ಮೀನು ಹಿಡಿದದ್ದು ಸಾಲದು ಅಂತ ಈಗ ಬಿಸಿಲು ಹಿಡಿಯೋಕೆ ಹೊರಟ್ರಾ?” ಆದರೂ ಕೆಲಸಕ್ಕೆ ಸೇರಿಕೊಂಡಳು. ಗಂಡ ಹೋದ ಮೇಲೆ ಮನೆಯಲ್ಲಿ ಅವಳ ಮಾತಿಗೆ ಹೂಂಗುಟ್ಟುವವರು ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ರಾಶಿಯೊಳಗಿಂದ ಹಸಿರು ಅಂಚಿನ ಬಲೆಯೊಂದನ್ನು ಎಳೆದವಳು ಹಾಗೇ ಕುಳಿತಳು. ಆ ಅಂಚು ಅವಳೇ ಹೊಲಿದದ್ದು. ಅವಳ ಮನೆಯ ಜಗಲಿಯಲ್ಲಿ ರಿಪೇರಿಯಾದ ಬಲೆ ಅದು.

ಗಂಡ ದೋಣಿ ನಡೆಸುತ್ತಿದ್ದವನು. ಕೈನಡುಕ ಶುರುವಾಗಿ ದಡ ಸೇರಿದ ಮೇಲೆ, ಸುಮ್ಮನೆ ಕೂರಲಾರದೆ ಹೆಂಡತಿಯ ಪಕ್ಕ ಕೂತು ಬಲೆ ಹೆಣೆಯುವುದನ್ನು ಕಲಿತ. ಗುರುವಿಗೇ ಪಾಠ ಹೇಳುವಷ್ಟು ಜಂಬ ಬೇರೆ! “ಹೇಗಿದೆಯೇ?” ಎಂದು ಕೇಳುವನು. “ತೆಗೆದುಹಾಕೋ ಹಾಗಿಲ್ಲ ಬಿಡಿ” ಎನ್ನುವಳು. ಅವನ ಗಂಟುಗಳು ಸೊಟ್ಟ, ಸಡಿಲ. ದೋಣಿಯವರ ಬಾಯಿಗೆ ಅವನು ಬೀಳುವುದು ಅವಳಿಗೆ ಬೇಕಿರಲಿಲ್ಲ. ಅವನು ಸ್ನಾನಕ್ಕೆ ಹೋದದ್ದೇ ತಡ, ಒಂದೊಂದನ್ನೇ ಬಿಚ್ಚಿ ತಾನು ಹಾಕಿಬಿಡುತ್ತಿದ್ದಳು. ಬಂದು ನೋಡಿದವನು ತನ್ನ ಕೈಚಳಕಕ್ಕೆ ತಾನೇ ಬೀಗುತ್ತಿದ್ದ. ಕೊನೆಯವರೆಗೂ ಅವನಿಗೆ ಗೊತ್ತಾಗಲಿಲ್ಲ.

ಈಗ ಅವಳು ಬಲೆಯನ್ನು ಮಡಿಲಿಗೆಳೆದು, ಕಣ್ಣು ಸಾಲದೆ ಬೆರಳಿನಲ್ಲೇ ತಡಕತೊಡಗಿದಳು. ಎಲ್ಲೋ ಒಂದಾದರೂ ಕಣ್ತಪ್ಪಿ ಉಳಿದಿರಬೇಕು. ಅವನ ಕೈಯಿಂದಾದದ್ದು ಒಂದೇ ಒಂದು ಸಿಕ್ಕರೆ ಸಾಕಿತ್ತು. ಅಷ್ಟನ್ನು ಕತ್ತರಿಸಿ ಮನೆಗೆ ಒಯ್ಯುತ್ತಿದ್ದಳು.

“ಏನಕ್ಕಾ ಹುಡುಕ್ತಾ ಇದ್ದೀರಿ?” ಕಟ್ಟಡದ ಎಂಜಿನಿಯರಮ್ಮ ಬಂದು ಕೇಳಿದಳು.

“ಸಡಿಲವಾದ ಗಂಟೊಂದು ಇರ್ಬೇಕು.”

“ಹೌದೌದು, ಸರಿಯಾಗಿ ನೋಡಿ. ಎಳೆದು ಕಟ್ಟಿದಾಗ ಬಿಚ್ಚಿಕೊಂಡ್ರೆ ಕಷ್ಟ.”

ಊಟ ಮರೆತು ಹುಡುಕಿದಳು. ತೇಪೆ ಮುಗಿದು ಇನ್ನೊಂದು ತೇಪೆ, ಎಲ್ಲವೂ ಬಿಗಿ, ಎಲ್ಲವೂ ನೇರ. ಎಲ್ಲಿ ಮುಟ್ಟಿದರೂ ತಾನೇ. ತನ್ನ ಅಚ್ಚುಕಟ್ಟುತನದ ಮೇಲೆ ಅವಳಿಗೆ ಎಂದೂ ಇಲ್ಲದ ಸಿಟ್ಟು ಬಂತು. ಒಂದನ್ನಾದರೂ ಬಿಡಬಾರದಿತ್ತೇ?

ಸಂಜೆಗೆ ಬಲೆ ಚೌಕಟ್ಟೇರಿತು. ನಾಲ್ಕೂ ಮೂಲೆ ಹಿಡಿದು ಎಳೆದರು. ಒಂದು ಎಳೆಯೂ ಜೋಲಲಿಲ್ಲ.

“ಅಬ್ಬಾ, ಎಷ್ಟು ಗಟ್ಟಿ!” ಎಂಜಿನಿಯರಮ್ಮ ಹಿಗ್ಗಿದಳು. “ಪೂರ್ತಿ ಒಬ್ಬರದೇ ಕೆಲಸ ಅಲ್ವಾ ಇದು?”

ಅಲ್ಲ, ಇಬ್ಬರದು ಎನ್ನಲು ಬಲೆಯಕ್ಕ ಬಾಯಿ ತೆರೆದಳು. ತೋರಿಸಲು ಏನೂ ಇರಲಿಲ್ಲ.

“ಹೌದಮ್ಮಾ,” ಎಂದಳು.