ಜಮಖಾನದ ಕೆಳಗಿನ ಕೆಂಪು

ಬಡಗಿ ವೀರಭದ್ರಾಚಾರ್ ಸೀನಿದರೆ ಹೆಗಲ ಮೇಲಿನ ಟವೆಲು ಕೆಂಪಾಗುತ್ತಿತ್ತು. ಮೊದಲ ದಿನ ನೋಡಿ ನಾನು "ಅಯ್ಯೋ, ರಕ್ತ!" ಎಂದು ಕಿರುಚಿಬಿಟ್ಟೆ. "ರಕ್ತ ಅಲ್ಲ ಅಮ್ಮಾವ್ರೇ, ಮರದ ಪುಡಿ" ಎಂದು ನಕ್ಕರು. ರಾಜಾಜಿನಗರದ ನಮ್ಮ ಮನೆಯ ಹಾಲಿನಲ್ಲಿ ನಾನು ಭರತನಾಟ್ಯ ಹೇಳಿಕೊಡುತ್ತಿದ್ದೆ. ಸಿಮೆಂಟ್ ನೆಲಕ್ಕೆ ಕುಟ್ಟಿ ಕುಟ್ಟಿ ಮಕ್ಕಳ ಮಂಡಿ ಹಾಳಾಗುತ್ತಿವೆ ಎಂದು, ಎಂಬತ್ತರ ದಶಕದ ನಡುವೆ, ಮರದ ನೆಲ ಹಾಕಿಸಲು ಅವರನ್ನು ಕರೆಸಿದ್ದೆ. ಅವರು ತಂದದ್ದು ಆಫ್ರಿಕಾದ ಪಡಾಕ್ ಎಂಬ ಮರ. ಎತ್ತಲಾರದಷ್ಟು ಭಾರ, ಗೆದ್ದಲು ಮುಟ್ಟದು, ಆಗ ತಾನೇ ಹೆರೆದಾಗ ಕೆಂಡದ ಬಣ್ಣ.

ಹಲಗೆ ಬಂದ ಮೇಲೂ ಇಪ್ಪತ್ತು ದಿನ ಒಂದು ಮೊಳೆ ಹೊಡೆಯಲಿಲ್ಲ. ಹಾಲಿನಲ್ಲೇ ಪೇರಿಸಿಟ್ಟು, ದಿನಾ ಸಂಜೆ ಬಂದು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ ಹೋಗುತ್ತಿದ್ದರು. ನನಗೋ ಮೈಯೆಲ್ಲ ಉರಿ. "ಆಚಾರ್ರೇ, ಯಾವ ಮುಹೂರ್ತ ಕಾಯ್ತಿದೀರಾ?" ಎಂದರೆ, "ಮನೆ ಗಾಳಿಗೆ ಒಗ್ಗಲಿ ಅಮ್ಮಾವ್ರೇ. ಅವಸರ ಮಾಡಿದ್ರೆ ಆಮೇಲೆ ಸಂದಿ ಬಿಡತ್ತೆ" ಎನ್ನುತ್ತಿದ್ದರು. ಆ ನೆಲ ಇವತ್ತಿಗೂ ಕೂದಲೆಳೆಯಷ್ಟು ಸಂದಿ ಬಿಟ್ಟಿಲ್ಲ.

ವರ್ಷ ಕಳೆದು, ಗೋಡೆಗೆ ಸುಣ್ಣ ಬಳಿಸಲೆಂದು, ನೃತ್ಯಕ್ಕೆ ಹಾಡುವವರು ಕೂರುವ ಜಮಖಾನ ಎತ್ತಿಸಿದೆ. ಸುತ್ತಲಿನ ಮರವೆಲ್ಲ ಕಂದು. ಜಮಖಾನವಿದ್ದ ಜಾಗ ಮಾತ್ರ ಕೆಂಪು ಕೆಂಪು. ಎರಡು ಜಾತಿ ಮರ ಹಾಕಿದ್ದಾರೆ, ಅಗ್ಗದ್ದಕ್ಕೆ ಹಚ್ಚಿದ ಬಣ್ಣ ಬಿಟ್ಟಿದೆ! ನನ್ನ ಬಾಯಿಯೋ, ದೇವರೇ ಕಾಪಾಡಬೇಕು. ಅವರನ್ನು ಕರೆಸಿ, ಮಕ್ಕಳ ತಾಯಂದಿರ ಎದುರಿಗೇ "ಇಷ್ಟು ವಯಸ್ಸಾಗಿದೆ, ಮೋಸ ಮಾಡೋಕೆ ನಾಚಿಕೆ ಆಗಲ್ವಾ?" ಎಂದೆ. ಅವರು ಮಂಡಿಯೂರಿ ಕೆಂಪು ಜಾಗದ ಮೇಲೆ ಅಂಗೈ ಇಟ್ಟರು.

"ಒಂದೇ ಮರ ಅಮ್ಮಾವ್ರೇ. ಬೆಳಕು ತಾಗ್ತಾ ತಾಗ್ತಾ ಕೆಂಪು ಇಳಿಯತ್ತೆ. ಇಲ್ಲಿಗೆ ಬೆಳಕು ಬಿದ್ದಿಲ್ಲ, ಅಷ್ಟೇ. ಜಮಖಾನ ಹಾಸ್ಬೇಡಿ, ಸರಿಹೋಗತ್ತೆ."

ನಾನು ಕೇಳಲಿಲ್ಲ. ಆ ತಾಯಂದಿರಲ್ಲಿ ಇಬ್ಬರು ಅವರಿಗೆ ಒಪ್ಪಿಸಿದ್ದ ಬಾಗಿಲ ಕೆಲಸವನ್ನು ಬೇರೆಯವರಿಗೆ ಕೊಟ್ಟರೆಂದು ಆಮೇಲೆ ತಿಳಿಯಿತು. ಆಗಬೇಕಾದ್ದೇ ಎಂದುಕೊಂಡೆ, ಪಾಪಿ ನಾನು. ಬಂದವರಿಗೆಲ್ಲ ಮೋಸ ತೋರಿಸಲೆಂದೇ ಜಮಖಾನ ಮತ್ತೆ ಹಾಸಲಿಲ್ಲ. ಏಳೆಂಟು ತಿಂಗಳ ಮೇಲೆ ಒಂದು ದಿನ ಯಾರಿಗೋ ತೋರಿಸಲು ಹೋದೆ. ಎಷ್ಟು ಹುಡುಕಿದರೂ ಆ ಜಾಗ ಯಾವುದೆಂದು ತಿಳಿಯಲಿಲ್ಲ.

ಮರುದಿನವೇ ಹೊಸಹಳ್ಳಿಯ ಅವರ ಮನೆಗೆ ಓಡಿದೆ. ಆಚಾರ್ ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಿಮ್ಮನೆ ನೆಲಾನೇ ನೆನೀತಿದ್ರು ತಾಯಿ. ಒಂದ್ಸಲ ನೋಡ್ಕೊಂಡು ಬರ್ತೀನಿ ಅಂತ ಹೊರಡೋರು, ಬೀದಿ ಕೊನೆವರೆಗೂ ಹೋಗಿ ವಾಪಸ್ ಬಂದ್ಬಿಡೋರು" ಎಂದರು. ಆಮೇಲೆ ಮೆಲ್ಲಗೆ ಕೇಳಿದರು, "ಬಣ್ಣ ಕೂಡ್ಕೊಂಡ್ತಾ?"

"ಹೂಂ, ಒಂದೇ ಮರ" ಎಂದೆ. ಆಚಾರ್ರಿಗೆ ಹೇಳಬೇಕಿದ್ದ ಮಾತನ್ನು ಅವರ ಹೆಂಡತಿಗೆ ಹೇಳಿ ಎದ್ದುಬಂದೆ.