ದಗಾಸನ್‌ಗೆ ಮೈ ಅಡ್ಡಕೊಟ್ಟವಳು

ಕಡಲಾಚೆಯ ದ್ವೀಪನಾಡೊಂದರ ಕಲಿಂಗ ಬೆಟ್ಟಗಳ ಅಂಬಾಗಾನ್ ಊರಿನ ಉಗಾಯ್‌ಗೆ ಇದ್ದದ್ದು ಮೂರು ಮೆಟ್ಟಿಲುಗದ್ದೆ, ಒಂದಿಷ್ಟು ಕಾಫಿ ಗಿಡ. ಗಂಡ ಸತ್ತ ಮೇಲೆ ಒಂಟಿ ಬದುಕು. ಊರೂರುಗಳ ನಡುವೆ ಮನಸ್ತಾಪ ಎದ್ದಾಗ ಆಚೀಚೆ ಓಡಾಡಿ ಮಾತು ಕೂಡಿಸುವವಳೂ ಅವಳೇ. ಆದರೆ ಈ ಸಲ ಕತ್ತಿಯೇಟು ಬಿದ್ದದ್ದು ಅವಳ ಸ್ವಂತ ತಮ್ಮ ಬಯಾಂಗನ್‌ನ ಬಲತೋಳಿಗೆ. ಕಾಲುವೆ ನೀರಿನ ಸರದಿಗಾಗಿ ಹೊಳೆಯಾಚೆಯ ಲುಯೋಗ್ ಊರಿನ ದಗಾಸನ್ ಬೀಸಿದ ಏಟು.

ಮೂರನೆಯ ದಿನ ಬೆಳಗ್ಗೆ ತಮ್ಮನ ಅಂಗಳದಲ್ಲಿ ಹದಿನಾಲ್ಕು ಗಂಡಸರು ಈಟಿ ಹಿಡಿದು ಕೂತಿದ್ದರು.

"ಮಧ್ಯಾಹ್ನದವರೆಗೆ ತಡೀರಿ. ನಾನು ಹೋಗಿ ಬರ್ತೀನಿ," ಎಂದಳು ಉಗಾಯ್.

"ಹೋಗಕ್ಕಾ. ನನ್ನ ಕಡಿದೋನ ಮನೇಲಿ ಕಾಫಿ ಕುಡ್ಕೊಂಡು ಬಾ," ಎಂದ ತಮ್ಮ.

"ನಿಂಗೇನು ಬೇಕು, ಅದನ್ನ ಹೇಳು."

"ಅವನೇ ಬರ್ಲಿ. ಎಲ್ಲರೆದುರು ನಿಜ ಹೇಳ್ಲಿ."

ಉಗಾಯ್ ಹೊಳೆ ದಾಟಿ ಹೋದಾಗ ಲುಯೋಗ್‌ನಲ್ಲಿಯೂ ಕತ್ತಿ ಮಸೆಯುತ್ತಿದ್ದರು. ಮಗನನ್ನು ನನ್ನ ಜೊತೆ ಕಳಿಸು ಎಂದಾಗ ದಗಾಸನ್‌ನ ತಾಯಿ ಬಾಗಿಲಿಗೆ ಅಡ್ಡ ನಿಂತಳು. "ಮಗನ್ನ ನಾನೇ ಹೊತ್ಕೊಂಡ್ ಬಂದು ನಿಮ್ಮ ಈಟಿಗೆ ಒಪ್ಪಿಸ್ಬೇಕಾ?"

"ಮುಂದೆ ನಾನು, ಹಿಂದೆ ಅವನು. ಈಟಿ ಬಂದ್ರೆ ಮೊದ್ಲು ನನಗೇ," ಎಂದಳು ಉಗಾಯ್.

ಒಳಗಿನಿಂದ ದಗಾಸನ್ ಹೊರಗೆ ಬಂದ. "ಅವ್ರು ನನ್ನ ಮಾತು ಕೇಳ್ತಾರಾ?"

"ಕೇಳೋ ಹಾಗೆ ಮಾಡೋದು ನನ್ನ ಕೆಲಸ. ನಿಜ ಹೇಳೋದು ನಿಂದು. ಕತ್ತಿ ಇಲ್ಲೇ ಬಿಡು."

ತೂಗುಸೇತುವೆ ದಾಟಿ ಬಂದ ಇಬ್ಬರನ್ನೂ ಕಂಡು ಅಂಗಳದ ಗಂಡಸರು ಒಟ್ಟಿಗೇ ಎದ್ದರು. ಒಬ್ಬ ಈಟಿ ಎತ್ತಿದ.

"ಪಕ್ಕಕ್ಕೆ ಸರಿ, ಉಗಾಯ್."

"ಸರಿಯೋದಿಲ್ಲ."

ದಗಾಸನ್‌ನ ಬಿಸಿಯುಸಿರು ಅವಳ ಕುತ್ತಿಗೆಗೆ ತಾಗುತ್ತಿತ್ತು. ಅವಳ ಬೆನ್ನ ಹಿಂದಿನಿಂದಲೇ ಅವನು ಬಯಾಂಗನ್‌ಗೆ ಹೇಳಿದ.

"ಸರದಿ ನಿಮ್ದೇ ಇತ್ತು. ಗೊತ್ತಿದ್ದೂ ನೀರು ತಿರುಗಿಸ್ದೆ. ತಪ್ಪು ನಂದು."

"ನನ್ನ ಗದ್ದೆ ನಾಟಿ ಯಾರು ಮಾಡ್ತಾರೆ?" ಎಂದ ಬಯಾಂಗನ್.

"ನಿನ್ ತೋಳು ಏಳೋವರೆಗೆ ನಾನು."

"ಏಳದೇ ಹೋದ್ರೆ?"

ದಗಾಸನ್ ಉಗಾಯ್ ಕಡೆ ನೋಡಿದ. ಅವಳು ಅವನ ಪರವಾಗಿ ಉತ್ತರಿಸಲಿಲ್ಲ.

"ಆಗ್ಲೂ ನಾನೇ," ಎಂದ.

ಬಯಾಂಗನ್ ತನ್ನ ತೋಳಿನ ಕಟ್ಟನ್ನೊಮ್ಮೆ ನೋಡಿಕೊಂಡ. "ಈಟಿ ಇಳಿಸಿ," ಎಂದ.

ಎರಡೂ ಊರಿನ ಹಿರಿಯರು ಕೂತು ನೀರಿನ ಸರದಿಯನ್ನು ಹೊಸದಾಗಿ ಗೊತ್ತುಮಾಡಿದರು. ತೋಳು ಏಳಲೇ ಇಲ್ಲ. ದಗಾಸನ್ ಪ್ರತಿ ನಾಟಿಗೂ ಬಂದ. ತಮ್ಮ ಮಾತ್ರ ಆ ವರ್ಷದ ಕೊಯ್ಲಿನವರೆಗೂ ಅಕ್ಕನನ್ನು ಮಾತಾಡಿಸಲಿಲ್ಲ. ಒಂದು ದಿನ ತಾನಾಗಿ ಅವಳ ಮನೆಗೆ ಬಂದು ಕೇಳಿದ:

"ಅವತ್ತು ಈಟಿ ಎಸೀರಿ ಅಂತ ನಾನು ಅಂದಿದ್ರೆ?"

"ಅಂತೀಯ ಅಂತಾನೇ ಅಂದ್ಕೊಂಡಿದ್ದೆ," ಎಂದಳು ಉಗಾಯ್.