ಶಂಟು ಮತ್ತು ನನ್ನ ಶಂಕೆ

ಹಾಲು ಹಾಕಿಸಿಕೊಳ್ಳುವಾಗ ಮಾಪಿನ ನೊರೆ ಇಳಿಯುವವರೆಗೂ ಪಾತ್ರೆ ಹಿಡಿದು ಕಾಯುವಂಥ ಮನುಷ್ಯ ನಾನು. ಹಾಲಿನವಳು ಒಳ್ಳೆಯವಳೆಂಬುದು ಗೊತ್ತು. ನೊರೆಯ ಮೇಲೆ ಮಾತ್ರ ನನಗೆ ವಿಶ್ವಾಸವಿಲ್ಲ. ಆಯುಷ್ಯವೆಲ್ಲ ಕಾಲೇಜಿನಲ್ಲಿ ಸಂಸ್ಕೃತ ವ್ಯಾಕರಣ ಕಲಿಸಿದವನಿಗೆ ಎದುರಿಗೆ ಬಂದ ಪ್ರತಿ ಪದವೂ ಅಶುದ್ಧವಾಗಿರಬಹುದೆಂಬ ಅನುಮಾನವೇ ವೃತ್ತಿಧರ್ಮವಲ್ಲವೇ, ನೀವೇ ಹೇಳಿ. ನನ್ನಾಕೆ ಮಾತ್ರ ಇದನ್ನು ಒಪ್ಪುವುದಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷಗಳಾಗಿದ್ದವು. ದಿನಕ್ಕೆರಡು ಸಲ ಹೋಗುತ್ತಿದ್ದ ಕರೆಂಟಿಗೆ ಬೇಸತ್ತು, ಹುಬ್ಬಳ್ಳಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಸೋಲಾರ್ ಫಲಕವೊಂದನ್ನು ಹಾಕಿಸಿದೆ. ಬ್ಯಾಟರಿ ಕೊಟ್ಟು ನಾಲ್ಕು ದೀಪ ಜೋಡಿಸಿದವರು ಹಳೇ ಹುಬ್ಬಳ್ಳಿಯ ಮಿಸ್ತ್ರಿ ದಾದಾಪೀರಸಾಹೇಬರು; ನನಗಿಂತ ಹಿರಿಯರು, ಮಿತಭಾಷಿಗಳು. ಆರು ತಿಂಗಳು ದೀಪಗಳು ಸೊಗಸಾಗಿ ಉರಿದವು. ಬೇಸಿಗೆ ಬಂದದ್ದೇ ತಡ, ಸಂಜೆ ಹಚ್ಚಿದ ಅರ್ಧ ತಾಸಿಗೇ ಮಂಕಾಗಿ ಆರತೊಡಗಿದವು. ಹಳೆಯ ಬ್ಯಾಟರಿಗೆ ಹೊಸ ಬಣ್ಣ ಬಳಿದು ಕೊಟ್ಟಿರಬೇಕೆಂದು ನನಗೆ ಅನುಮಾನ ಹುಟ್ಟಿತು. ಸಾಹೇಬರನ್ನೇ ಕರೆದು ಕೇಳಬಹುದಿತ್ತು. ಕೇಳಲಿಲ್ಲ. ಪಕ್ಕದ ಮನೆಯ ಅರಳೆ ವ್ಯಾಪಾರಿ ಶೆಟ್ಟರು ತಾವೂ ಅವರಿಂದಲೇ ಸೋಲಾರ್ ಹಾಕಿಸಬೇಕೆಂದಿದ್ದರು. ಅವರ ಕಿವಿಯಲ್ಲಿ ನನ್ನ ಅನುಮಾನ ಹಾಕಿದೆ. ಶೆಟ್ಟರು ಮರುದಿನವೇ ಮಿಸ್ತ್ರಿಗೆ ಬೇಡವೆಂದು ಹೇಳಿ ಕಳಿಸಿದರು.

ಇನ್ನು ಪ್ರಮಾಣ ಬೇಕಲ್ಲ? ಪುಣೆಯಿಂದ ಬ್ಯಾಟರಿ ಮೀಟರೊಂದನ್ನು ತರಿಸಿದೆ. ಅದರ ಜೊತೆಗೆ ಶಂಟು ಎಂಬ ಬೆರಳುದ್ದದ ಲೋಹದ ತುಂಡು ಬಂದಿತು. ಬ್ಯಾಟರಿಯ ಋಣ, ಅಂದರೆ ನೆಗೆಟಿವ್, ತುದಿಗೂ ಉಳಿದೆಲ್ಲ ಕರಿಯ ವಾಯರುಗಳಿಗೂ ನಡುವೆ ಅದನ್ನು ಕೂಡಿಸಬೇಕು. ಒಳಗೆ ಬಂದ, ಹೊರಗೆ ಹೋದ ವಿದ್ಯುತ್ತೆಲ್ಲ ಅದರ ಮೂಲಕವೇ ಹಾಯುತ್ತದೆ; ಅದನ್ನು ಎಣಿಸಿ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆಯೆಂದು ಮೀಟರು ಹೇಳುತ್ತದೆ. ಯಾರನ್ನೂ ನಂಬದ ನಾನು ಅದನ್ನು ಸ್ವಹಸ್ತದಿಂದಲೇ ಜೋಡಿಸಿದೆ. ಅಂದು ಸಂಜೆ ದೀಪಗಳು ಆರುವಾಗ ಮೀಟರು ನೂರಕ್ಕೆ ತೊಂಬತ್ತು ಎಂದು ತೋರಿಸುತ್ತಿತ್ತು. ಕಳ್ಳ ಸಿಕ್ಕಿಬಿದ್ದನೆಂದು ನನಗಾದ ಆನಂದವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಸಾಹೇಬರ ಅಂಗಡಿಗೆ ಹೋಗಿ ಗಿರಾಕಿಗಳೆದುರೇ ಹೇಳಿದೆ. "ತೊಂಬತ್ತು ತುಂಬೇದ ಅಂತ ತೋರಸ್ತದ, ದೀಪ ಆರ್ತಾವ. ಇದು ಎಂಥಾ ಬ್ಯಾಟರಿರಿ?"

ಅವರು ವಾದಿಸಲಿಲ್ಲ. ಮಧ್ಯಾಹ್ನ ಚೀಲ ಹಿಡಿದು ಬಂದರು. ನಾನು ಪಡಸಾಲೆಯ ಕುರ್ಚಿಯಲ್ಲಿ ಕೂತು, ಸಣ್ಣ ಫ್ಯಾನಿನ ಗಾಳಿಗೆ ಮೈಯೊಡ್ಡಿ, ಅವರ ಕೈಗಳನ್ನೇ ಕಾಯುತ್ತಿದ್ದೆ. ಅವರು ಬ್ಯಾಟರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿ, ಒಂದು ಸಣ್ಣ ವಾಯರಿನ ಮೇಲೆ ಬೆರಳಿಟ್ಟರು.

"ಈ ಕರೇ ವಾಯರ್ ಎಲ್ಲಿಗೆ ಹೋಗತೈತ್ರಿ, ಸರ?"

ನಾನು ಫ್ಯಾನಿನ ಕಡೆಗೆ ನೋಡಿದೆ. ಬೇಸಿಗೆಯ ಆರಂಭದಲ್ಲಿ, ಅವರಿಗೆ ಹೇಳದೆ, ನಾನೇ ಕೂಡಿಸಿಕೊಂಡದ್ದು ಅದು. ವಾಯರನ್ನು ನೇರವಾಗಿ ಬ್ಯಾಟರಿಗೇ ಬಿಗಿದಿದ್ದೆ. ಶಂಟು ಹಾಕುವಾಗ ಅದರ ಬೋಲ್ಟಿನಡಿ ಜಾಗ ಸಾಲದ್ದರಿಂದ ಅಲ್ಲಿಯೇ ಇರಲೆಂದು ಬಿಟ್ಟಿದ್ದೆ. ದಿನವಿಡೀ ಆ ಗಾಳಿಯಲ್ಲೇ ಕೂತು ಸಾಹೇಬರನ್ನು ಸಂಶಯಿಸಿದ್ದೆ. ಅವರು ಆ ವಾಯರನ್ನು ಬಿಚ್ಚಿ ಶಂಟಿನ ಆಚೆ ತುದಿಗೆ ಹಾಕಿದರು. ಫ್ಯಾನು ಎಳೆಯುವ ವಿದ್ಯುತ್ತು ಮೊದಲ ಸಲ ಮೀಟರಿನಲ್ಲಿ ಮೂಡಿತು.

"ಮೀಟರ್ ಸುಳ್ಳ ಹೇಳಿಲ್ರಿ. ಬ್ಯಾಟರಿ ಖಾಲಿ ಮಾಡಿದ್ದು ಫ್ಯಾನು; ಅದು ತಗೊಂಡಿದ್ದು ಮೀಟರಿಗೆ ಕಾಣಸಿಲ್ಲ, ಅಷ್ಟ."

ನನ್ನಾಕೆ ತಂದ ಚಹಾ ಕುಡಿದು, ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಅವರು ಹೇಳಿದರು: "ಶೆಟ್ಟರ ಮನಿ ಕೆಲಸ ಹೋತ್ರಿ. ಸಾಮಾನು ತಂದಿಟ್ಟಿದ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಯಾರಿಂದ ಹೋಯಿತೆಂದು ಅವರಿಗೆ ಗೊತ್ತಿತ್ತು. ಋಣವೆಂಬ ಶಬ್ದಕ್ಕೆ ಎಷ್ಟು ಅರ್ಥಗಳಿವೆಯೆಂದು ತರಗತಿಯಲ್ಲಿ ವಿವರಿಸುತ್ತಿದ್ದ ನಾನು ಅವರ ಚೀಲವನ್ನೆತ್ತಿ ಕೈಗೆ ಕೊಟ್ಟೆ.

ಸಂಜೆಯೇ ಶೆಟ್ಟರಲ್ಲಿಗೆ ಹೋಗಿ ತಪ್ಪು ನನ್ನದೆಂದು ಹೇಳಿಕೊಂಡೆ. ಅವರು ನನ್ನ ಮುಖವನ್ನೇ ನೋಡಿ, ಮಿಸ್ತ್ರಿ ಬಂದು ಹೆದರಿಸಿದನೋ, ಬ್ಯಾಟರಿ ಬದಲಿಸಿ ಕೊಟ್ಟನೋ ಎಂದು ವಿಚಾರಿಸಿದರು. ಅಲ್ಲಗಳೆದಷ್ಟೂ ಅವರ ಸಂಶಯ ಗಟ್ಟಿಯಾಯಿತು. ಕೊನೆಗೆ ಅವರನ್ನು ಮನೆಗೆ ಕರೆತಂದು, ಫ್ಯಾನಿನ ವಾಯರನ್ನು ಬ್ಯಾಟರಿಗೆ ಹಾಕಿ ತೋರಿಸಿದೆ, ಶಂಟಿಗೆ ಹಾಕಿ ತೋರಿಸಿದೆ. ಮೂರು ಸಲ ಮಾಡಿಸಿದರು.

"ಮಿಸ್ತ್ರಿ ನಿಮ್ಮನ್ನ ಬೈಲಿಲ್ಲೇನ್ರಿ?"

ಇಲ್ಲವೆಂದೆ.

"ಬೈಲಿಲ್ಲಂದ್ರ ನನಗ ಮತ್ತ ಸಂಶಯ ಬರತೈತಿ," ಎಂದು ನಕ್ಕರು. ಆದರೂ ಕೆಲಸಕ್ಕೆ ಬರಲೆಂದು ಮಿಸ್ತ್ರಿಗೆ ಹೇಳಿ ಕಳಿಸಿದರು.

ಸೋಮವಾರ ಸಾಹೇಬರು ಶೆಟ್ಟರ ಮನೆಗೆ ಬಂದರು. ಶೆಟ್ಟರು ಒಂದೊಂದು ವಾಯರನ್ನೂ ಮುಟ್ಟಿ, ಇದು ಎಲ್ಲಿಗೆ ಹೋಗುತ್ತದೆಂದು ಕೇಳಿದರು. ಸಾಹೇಬರು ಕೆಲಸ ನಿಲ್ಲಿಸಿ ಒಂದೊಂದಕ್ಕೂ ಉತ್ತರ ಕೊಟ್ಟರು. ಕಾಂಪೌಂಡಿನ ಈಚೆ ನಿಂತು ನಾನು ಎಲ್ಲವನ್ನೂ ಕೇಳಿಸಿಕೊಂಡೆ. ನನ್ನನ್ನು ಯಾರೂ ಕರೆಯಲಿಲ್ಲ.